ಅರ್ಧಕ್ಕೆ ನಿಂತ ಸಾಲು

ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದಾಗ ಶಶಿಕಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಗಿಲ ಮೇಲಿನ ದೀಪದ ಕಡೆ ನೋಡಿದಳು. ಕೆಂಪುಗುಡ್ಡದಲ್ಲಿ ನೆಲ ನಡುಗಿದರೆ ಯಾರೂ ನೆಲವನ್ನು ನೋಡುವುದಿಲ್ಲ, ದೀಪವನ್ನು ನೋಡುತ್ತಾರೆ. ದೀಪ ಹಸಿರಾಗಿಯೇ ಇತ್ತು.

"ನೋಡಿದ್ಯಾ?" ಎಂದಳು ಅತ್ತೆ ನೀಲಮ್ಮ, ಬೆಳ್ಳುಳ್ಳಿ ಸುಲಿಯುತ್ತ. "ಮೊದಲ ಹಿಂಗಿದ್ದಿಲ್ಲ. ಲೋಟ ಅಲುಗಾಡಿದ್ರ ಸಾಕು, ಹಳದಿ ಆಗಿ ಮತ್ತ ಹಸಿರಾಗತಿತ್ತು. ಈಗ ಮಿಸುಕಾಡಂಗಿಲ್ಲ."

"ಎಂದಿನಿಂದ ಹಿಂಗ, ಅತ್ತಿ?"

"ಯುಗಾದಿ ಹಿಂದ ಮುಂದ. ಯಾರು ನೆನಪಿಟ್ಟಾರ? ಚಲೋನ ಆಗೇದ ಬಿಡು. ರಾತ್ರಿ ನಿದ್ದಿ ಅಂತೂ ಹತ್ತಾಕತ್ತೇದ."

ಶಶಿಕಲಾ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆದರೆ ಅವಳ ಮನಸ್ಸು ಹಂಚಿನ ಮೇಲಿರಲಿಲ್ಲ. ನಡುಕ ಬಂದರೂ ಬದಲಾಗದ ದೀಪ ಒಳ್ಳೆಯದೆಂದು ಅವಳಿಗೆ ಅನ್ನಿಸಲಿಲ್ಲ.

ಕೆಂಪುಗುಡ್ಡದ ಮನೆಗಳ ಕೆಳಗೆ ಚಿನ್ನದ ಗಣಿ ಇದೆ. ಗಣಿ ಆಳಕ್ಕಿಳಿದಷ್ಟೂ ಮೇಲಿನ ಬಂಡೆಯ ಭಾರ ಹೆಚ್ಚುತ್ತದೆ. ಭಾರ ತಾಳಲಾರದೆ ಬಂಡೆ ಒಮ್ಮೊಮ್ಮೆ ಸಿಡಿಮದ್ದಿನಂತೆ ಸಿಡಿಯುತ್ತದೆ. ಸಿಡಿಯುವ ಮುನ್ನ ಅದು ಒಳಗೊಳಗೇ ಚಿಟಚಿಟ ಅನ್ನುತ್ತಿರುತ್ತದೆ, ಮನುಷ್ಯರ ಕಿವಿಗೆ ಬೀಳದಷ್ಟು ಸಣ್ಣಗೆ. ಬಹಳ ವರ್ಷಗಳ ಹಿಂದೆ ಒಬ್ಬ ಭೂವಿಜ್ಞಾನಿ ಆ ಸದ್ದಿನ ಲಯ ಹಿಡಿದಿದ್ದ. ಸುರಂಗದ ಗೋಡೆಗಳಲ್ಲೆಲ್ಲ ತಂತಿಯ ಕಿವಿಗಳನ್ನು ಹುಗಿದು, ಅವು ಕೇಳಿದ್ದನ್ನು ಒಂದು ಯಂತ್ರಕ್ಕೆ ಉಣಿಸಿ, ಬಂಡೆ ಸಿಡಿಯುವುದನ್ನು ಮೊದಲೇ ಹೇಳುವಂತೆ ಮಾಡಿದ್ದ. ಪ್ರತಿ ಮನೆಗೂ, ಸುರಂಗದ ಪ್ರತಿ ತಿರುವಿಗೂ ಒಂದೊಂದು ದೀಪ. ಹಸಿರಾದರೆ ದುಡಿಯಬಹುದು, ಮಲಗಬಹುದು. ಹಳದಿಯಾದರೆ ಆಳದ ಮಟ್ಟದವರು ಮೇಲೆ ಬರಬೇಕು. ಕೆಂಪಾದರೆ ಗಣಿಯಲ್ಲೂ ಮನೆಯಲ್ಲೂ ಯಾರೂ ಇರಬಾರದು, ಎಲ್ಲರೂ ಬಯಲಿಗೆ.

ಆ ವಿಜ್ಞಾನಿ ತೀರಿಕೊಂಡು ಬಹಳ ಕಾಲವಾಗಿತ್ತು. ಊರಿನವರು ದೀಪದ ಜೊತೆ ಬದುಕಲು ಕಲಿತಿದ್ದರು. ಬಾಣಂತಿಯ ಕೋಣೆಯಲ್ಲಿ ತೊಟ್ಟಿಲನ್ನು ದೀಪ ಕಾಣುವ ಹಾಗೆ ಕಟ್ಟುತ್ತಿದ್ದರು. ಬೀಗರು ಬಂದರೆ ಮೊದಲು ನೀರು ಕೊಟ್ಟು, ಆಮೇಲೆ ಯಾವ ಬಣ್ಣಕ್ಕೆ ಎಲ್ಲಿಗೆ ಓಡಬೇಕೆಂದು ತೋರಿಸುತ್ತಿದ್ದರು. ಹಳದಿ ಮೇಲಿಂದ ಮೇಲೆ ಬರುತ್ತಿದ್ದ ಕಾಲದಲ್ಲಿ ಜನ ಬೇಸತ್ತು ಬೈದುಕೊಂಡದ್ದೂ ಉಂಟು. ಹತ್ತು ಸಲ ಹಳದಿಯಾದರೆ ಒಂಬತ್ತು ಸಲ ಏನೂ ಆಗುತ್ತಿರಲಿಲ್ಲ.

ಶಶಿಕಲಾ ಹೂಗಾರ ಗಣಿಯ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಹಾಜರಿ, ಸಂಬಳ, ಜನರನ್ನು ಗಣಿಗಿಳಿಸುವ ಕೇಜೆಂಬ ಲಿಫ್ಟು, ಎಲ್ಲದರ ಹೊಸ ಯಂತ್ರಗಳೂ ಅವಳ ಸುಪರ್ದಿಯಲ್ಲಿದ್ದವು. ದೀಪದ ಯಂತ್ರ ಮಾತ್ರ ಇರಲಿಲ್ಲ. ಅದು ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಮೇಲೆ ಓಡುವ, ಬೀರುವಿನಷ್ಟು ಎತ್ತರದ ಸರ್ವರ್. ಊರಿನವರು ಅದನ್ನು 'ಮುದುಕ' ಅನ್ನುತ್ತಿದ್ದರು. ಅದಿದ್ದ ನಿಯಂತ್ರಣ ಕೋಣೆ ಅಲ್ಲಿನ ಆಪರೇಟರ್ ಗುರುಪಾದಪ್ಪನದು. ಅವನು ಹೇಳಿದ್ದೇ ಅಲ್ಲಿ ನಡೆಯುತ್ತಿತ್ತು.

ಗಂಡ ಶರಣಪ್ಪ ಬೆಳಗಿನ ಪಾಳಿಗೆ ಆಗಲೇ ಕೆಳಗಿಳಿದಿದ್ದ, ಅತ್ಯಂತ ಆಳದ ಮಟ್ಟಕ್ಕೆ. ಶಶಿಕಲಾ ಕೈ ತೊಳೆದುಕೊಂಡು, ಉಳಿದ ಹಿಟ್ಟನ್ನು ಅತ್ತೆಗೆ ಒಪ್ಪಿಸಿ, ಬಯಲು ದಾಟಿ ನಿಯಂತ್ರಣ ಕೋಣೆಗೆ ನಡೆದಳು.

ಗುರುಪಾದಪ್ಪ ಪರದೆಯ ಮುಂದೆ ಕುಳಿತು ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ, ಹಣೆಯ ತುಂಬ ವಿಭೂತಿ ಹಚ್ಚಿದ ಸೌಮ್ಯ ಮುಖ. ಶಶಿಕಲಾ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅವನನ್ನು ಅಣ್ಣ ಎಂದೇ ಕರೆದವಳು.

"ಬಾರವ್ವ, ಚಾ ಕುಡಿ."

"ಅಣ್ಣಾರ, ಈಗ ನೆಲ ನಡುಗಿತು. ದೀಪ ಯಾಕ ಬದಲಾಗಲಿಲ್ಲ?"

"ಬದಲಾಗೋ ಅಷ್ಟು ದೊಡ್ಡದಿರಲಿಲ್ಲ ಅದು. ಕಲ್ಲು ಸುಮ್ಮನದ, ಮುದುಕನೂ ಸುಮ್ಮನದಾನ."

ಅವಳು ಪರದೆಯನ್ನು ನೋಡಿದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು. ಪ್ರತಿ ಸಾಲಿನಲ್ಲೂ ಒಂದು ವೇಳೆ, ಸುರಂಗದ ಒಂದು ಕಿವಿಯ ಹೆಸರು, ಅದು ಕೇಳಿದ ಸದ್ದಿನ ಅಳತೆ. ಕಟ್ಟಕಡೆಯ ಸಾಲು ಅರ್ಧಕ್ಕೇ ನಿಂತಿತ್ತು. ವೇಳೆ ಇತ್ತು, ಕಿವಿಯ ಹೆಸರಿನ ಮೊದಲ ಮೂರು ಅಕ್ಷರಗಳಿದ್ದವು, ಮುಂದೆ ಏನೂ ಇಲ್ಲ. ಆ ವೇಳೆ ಹಿಂದಿನ ದಿನದ ಸಂಜೆಯದು.

"ಇದು ನಿನ್ನಿ ಸಂಜಿಂದು. ಆಮ್ಯಾಲ ಒಂದು ಸದ್ದೂ ಕೇಳಿಸಿಲ್ಲೇನು ಇದಕ್ಕ?"

ಗುರುಪಾದಪ್ಪ ಲೋಟ ಕೆಳಗಿಟ್ಟ. "ಹೌದಲ್ಲ," ಎಂದ. "ಮುದುಕ ಗರ ಬಡದಂಗ ಕುಂತಾನ. ವಯಸ್ಸಾತು ನೋಡು. ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಹೋಗ್ತದ."

ಬಂಡೆ ಸುಮ್ಮನಿದ್ದು ಯಂತ್ರ ಸುಮ್ಮನಿದ್ದರೆ ಸಾಲು ಪೂರ್ತಿಯಾಗಿರಬೇಕಿತ್ತು. ಮಾತಿನ ನಡುವೆ ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದರಷ್ಟೇ ಹೀಗೆ ನಿಲ್ಲುತ್ತದೆ. ಶಶಿಕಲಾ ಕೀಬೋರ್ಡಿನ ಮೇಲೆ ಎರಡು ಮೂರು ಗುಂಡಿ ಒತ್ತಿದಳು. ಪರದೆಯಲ್ಲಿ ಒಂದಕ್ಷರವೂ ಮೂಡಲಿಲ್ಲ. ಅಂಥ ದಪ್ಪ ಕೀಬೋರ್ಡನ್ನು ಅವಳು ಹಿಂದೆ ಮುಟ್ಟಿದವಳೇ ಅಲ್ಲ. ಅರ್ಧ ಗುಂಡಿಗಳ ಮೇಲಿನ ಅಕ್ಷರ ಸವೆದು ಹೋಗಿತ್ತು. ಒಡೆದ ಕಡೆಗಳಿಗೆ ಕರಿ ಟೇಪು ಅಂಟಿಸಿದ್ದರು.

ಅವಳು ತನ್ನ ಲ್ಯಾಪ್‌ಟಾಪನ್ನು ಗೋಡೆಯ ತಂತಿಗೆ ಸಿಕ್ಕಿಸಿ ಮುದುಕನಿಗೊಂದು ಪಿಂಗ್ ಕಳಿಸಿದಳು. 'ಇದ್ದೀಯಾ?' ಎಂದು ಕೇಳುವ ಸಣ್ಣ ಸಂದೇಶ ಅದು. ಕಣ್ಣೆವೆ ಮುಚ್ಚುವುದರೊಳಗೆ 'ಇದ್ದೇನೆ' ಎಂಬ ಉತ್ತರ ಬಂತು. ಹಾಗಾದರೆ ಸತ್ತಿಲ್ಲ. ಆದರೆ ಒಳಗೆ ಹೋಗಲು ಹೆಸರು, ಗುಪ್ತಪದ ಕೊಟ್ಟರೆ ಅದು ಇಸಿದುಕೊಂಡು ಸುಮ್ಮನಾಯಿತು. ಹೂಂ ಇಲ್ಲ, ಉಹೂಂ ಇಲ್ಲ. ಬೀರುವಿನ ಹಿಂದೆ ಬಗ್ಗಿ ನೋಡಿದಳು. ತಂತಿಗಳೆಲ್ಲ ಬಿಗಿಯಾಗಿದ್ದವು. ಮುಂಭಾಗದ ಸಣ್ಣ ದೀಪವೊಂದು ಆಗಾಗ ಮಿಣುಕುತ್ತಿತ್ತು. ಮುದುಕ ಒಳಗೊಳಗೇ ಏನನ್ನೋ ಮಾಡುತ್ತಿದ್ದ, ಹೊರಗೆ ಹೇಳುತ್ತಿರಲಿಲ್ಲ.

"ಅಣ್ಣಾರ, ನಿನ್ನಿ ಈ ಕ್ವಾಣಿಗೆ ಯಾರ‍್ಯಾರು ಬಂದಿದ್ರು?"

"ಯಾರು ಬರ‍್ತಾರ? ನಾನು. ಮತ್ತ ಆ ಹೈದರಾಬಾದಿನ ಹುಡುಗ ವಂಶಿ ರೆಡ್ಡಿ. ತನ್ನ ಹೊಸ ಯಂತ್ರಕ್ಕ ಏನೋ ತಂತಿ ಜೋಡಿಸಬೇಕು ಅಂತ ಬಾಳೊತ್ತು ಇಲ್ಲೇ ಕುಂತಿದ್ದ."

ಶಶಿಕಲಾಳ ಮನಸ್ಸು ಅಲ್ಲಿಗೆ ಹೋಗಿ ಗಟ್ಟಿಯಾಗಿ ಕುಳಿತಿತು. ವಂಶಿಯ ಕಂಪನಿ ಹೊಸ ಎಚ್ಚರಿಕೆ ಯಂತ್ರವನ್ನು ತಂದು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಇಟ್ಟಿತ್ತು. ಮುದುಕ ಕೆಟ್ಟನೆಂದು ಸಾಬೀತಾದರೆ ಯಾರಿಗೆ ಲಾಭ? ವ್ಯವಸ್ಥಾಪಕ ಜಾಗೀರದಾರರಿಗೂ ಮುದುಕನ ಮೇಲೆ ಸಿಟ್ಟಿತ್ತು. ಹಳದಿಯಾದಾಗಲೆಲ್ಲ ಕೆಲಸ ನಿಲ್ಲುತ್ತದೆ ಎಂದು ಅವರು ಸಭೆಗಳಲ್ಲಿ ಬಹಿರಂಗವಾಗಿಯೇ ಹೇಳಿದ್ದರು.

ಅವಳು ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಇಬ್ಬರೂ ಒಟ್ಟಿಗೇ ಬಂದರು. ಒಟ್ಟಿಗೇ ಬಂದದ್ದೂ ಅವಳಿಗೆ ಹಿಡಿಸಲಿಲ್ಲ.

"ಸರ, ಈ ಯಂತ್ರ ನಿನ್ನಿ ಸಂಜಿಯಿಂದ ದೀಪಗಳಿಗೆ ಏನೂ ಹೇಳಿಲ್ಲ. ನಮ್ಮನಿಯೊಳಗಿರೋದು ನಿನ್ನಿ ಹಸಿರು, ಇವತ್ತಿನದಲ್ಲ. ಕೆಳಗಿರೋ ಪಾಳಿಯನ್ನ ಮ್ಯಾಲ ಕರಸ್ರಿ."

ಜಾಗೀರದಾರರು ಕನ್ನಡಕ ಒರೆಸಿಕೊಂಡರು. "ದೀಪ ಹಸಿರಿದ್ದಾಗ ಪಾಳಿ ಮ್ಯಾಲ ಕರೆಯೋ ಹಂಗಿಲ್ಲ, ಶಶಿಕಲಾ ಅವರ. ಹೋದ ವರ್ಷ ಕೇಜಿನ ಮುಂದ ನೂಕುನುಗ್ಗಲಾತಲ್ಲ, ಆಮ್ಯಾಲ ಕಾರ್ಮಿಕರ ಸಂಘದವರೇ ಒಪ್ಪಿದ ನಿಯಮ ಇದು. ಬಾಯಿಮಾತಿಗೆ ಯಾರೂ ಓಡಬಾರದು, ದೀಪ ಬದಲಾದ್ರ ಅಷ್ಟೇ. ಅದೂ ಅಲ್ಲದ, ಹೊಸ ಯಂತ್ರನೂ ಹಸಿರೇ ತೋರಸ್ತದ. ಎರಡೂ ಹಸಿರು ಅಂದಮ್ಯಾಲ ಚಿಂತಿ ಯಾಕ?"

ಶಶಿಕಲಾ ವಂಶಿಯ ಕಡೆ ತಿರುಗಿದಳು. "ನಿಮ್ಮ ಯಂತ್ರ ಸುರಂಗದ ಕಿವಿಗಳಿಂದ ನೇರ ಕೇಳ್ತದೋ, ಇದರ ಮೂಲಕ ಕೇಳ್ತದೋ?"

ವಂಶಿ ಗಲ್ಲ ಕೆರೆದುಕೊಂಡ. "ಈಗ ಟ್ರಯಲ್ ನಡೀತಿದೆ ಮೇಡಂ. ಸದ್ಯಕ್ಕೆ ಇದರಿಂದಲೇ ಡೇಟಾ ತಗೋತದೆ. ಇದು ಏನೂ ಕಳಿಸದಿದ್ದರೆ ಹಿಂದಿನದನ್ನೇ ತೋರಿಸ್ತದೆ."

"ಅಂದ್ರ ಎರಡು ಹಸಿರಲ್ಲ ಸರ, ಒಂದೇ ಹಸಿರು. ಎರಡು ಕಡೆ ಕಾಣಸಾಕತ್ತೇದ."

ಜಾಗೀರದಾರರ ಮುಖ ಸ್ವಲ್ಪ ಬಿಳಿಚಿತು. ಆದರೆ ಅವರು ಸೋಲೊಪ್ಪುವವರಲ್ಲ. "ಹಂಗಾದ್ರ ಬಂದ್ ಮಾಡಿ ಚಾಲೂ ಮಾಡ್ರಿ," ಎಂದರು. ಗುರುಪಾದಪ್ಪನೂ ತಲೆಯಾಡಿಸಿದ. "ಅದೇ ನಾನೂ ಹೇಳಾಕತ್ತೀನ್ರಿ, ಸಾಹೇಬ್ರ. ನಾನೇ ಮಾಡ್ತೀನಿ, ಇವರೆಲ್ಲ ಮನಿಗೆ ಹೋಗಲಿ."

ಅವಳಿಗೆ ಅದು ಬೇಡವೆನ್ನಿಸಿತು. ಮುದುಕ ಕೇಳಿಸಿಕೊಂಡದ್ದೆಲ್ಲ ಅದರ ನೆನಪಿನಲ್ಲಿದೆ. ವಿದ್ಯುತ್ ಕಿತ್ತರೆ ಆ ನೆನಪು ಅಳಿದುಹೋಗುತ್ತದೆ. ಎದ್ದಮೇಲೆ ಅದು ಬಂಡೆಯ ಇವತ್ತಿನ ಸದ್ದನ್ನು ಮತ್ತೆ ಮೊದಲಿನಿಂದ ಕೇಳಿ ಪಳಗಬೇಕು. ಅಲ್ಲಿಯವರೆಗೆ ಹಸಿರನ್ನೇ ತೋರಿಸುತ್ತಿರುತ್ತದೆ. ಯಾರಾದರೂ ಏನಾದರೂ ಮಾಡಿದ್ದರೆ ಅದರ ಗುರುತೂ ಉಳಿಯುವುದಿಲ್ಲ. ಎಲ್ಲರಿಗೂ ಬಂದ್ ಮಾಡುವ ಅವಸರ ಯಾಕೆ?

"ಬಂದ್ ಮಾಡಿದ್ರ ಅರ್ಧ ದಿನ ಗಣಿಗೆ ಕಿವಿ ಇರಂಗಿಲ್ಲ ಸರ. ಅಷ್ಟೊತ್ತು ಜನ ಕೆಳಗಿರ‍್ಲಿ ಅಂತ ಬರದು ಕೊಡ್ರಿ, ಈಗಿಂದೀಗ ಬಂದ್ ಮಾಡ್ತೀನಿ."

ಜಾಗೀರದಾರರು ಬರೆದುಕೊಡಲಿಲ್ಲ. ಬೆಂಗಳೂರಿನ ಕಚೇರಿಯನ್ನು ಕೇಳಿ ಬರುತ್ತೇನೆಂದು ಹೊರಟರು. ಅವರು ಬಾಗಿಲು ದಾಟಿದ್ದೇ ತಡ, ಶಶಿಕಲಾ ವಿದ್ಯುತ್ತಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ವಂಶಿ ಬೆರಗಾಗಿ ನೋಡಿದ. "ನಿಮ್ಮ ಮ್ಯಾಲ ನನಗ ನಂಬಿಕಿ ಇಲ್ಲ," ಎಂದಳು ಅವನಿಗೆ, ನೇರವಾಗಿ. "ನಿನ್ನಿ ಇಲ್ಲಿ ಕುಂತವರು ನೀವು."

"ನಾನು ತಂತಿ ಮಾತ್ರ ಹಾಕಿದೆ ಮೇಡಂ. ಮುದುಕನನ್ನು ಮುಟ್ಟಿಲ್ಲ. ಪ್ರಮಾಣ ಮಾಡ್ತೇನೆ."

ಪ್ರಮಾಣ ಮಾಡಲು ಯಾರಿಗೇನು ಕಷ್ಟ?

ಅವಳು ಗಣಿಯ ಫೋನೆತ್ತಿ ಆಳದ ಮಟ್ಟವನ್ನು ಕೇಳಿದಳು. ಯಾರೋ ಕೂಗಿ ಶರಣಪ್ಪನನ್ನು ಕರೆದರು. ಹಿಂದೆ ಕೊರೆಯುವ ಯಂತ್ರಗಳ ಸದ್ದಿತ್ತು.

"ರೀ, ಅಲ್ಲಿ ಹೆಂಗದ?"

"ಹೆಂಗಿರ‍್ತದ? ಬಿಸಿ. ಬೆಳಿಗ್ಗಿಯಿಂದ ಚಾವಣಿಯಿಂದ ಪುಡಿ ಉದುರಾಕತ್ತೇದ. ದೀಪ ಹಸಿರದ, ಅದಕ್ಕ ಯಾರೂ ಮಾತಾಡವಲ್ರು."

"ದೀಪ ನಂಬಬ್ಯಾಡ್ರಿ. ಮ್ಯಾಲ ಬರ‍್ರಿ."

"ನಾ ಒಬ್ಬಾಂವ ಹೆಂಗ ಬರ‍್ಲಿ, ಶಶಿ? ಹೇಣ್ತಿ ಫೋನ್ ಮಾಡಿದ್ಲು ಅಂತ ಹೇಳ್ಲಾ? ಹೋದ ವರ್ಷ ಹಿಂಗ ಓಡಿ ಬಂದಾಗ ಏನಾತು ಅನ್ನೋದು ಎಲ್ಲಾರಿಗೂ ನೆನಪದ. ದೀಪ ಬದಲ ಮಾಡು, ಎಲ್ಲಾರನ್ನೂ ಕರಕೊಂಡು ಬರ‍್ತೀನಿ."

ಫೋನಿಡುವ ಹೊತ್ತಿಗೆ ನೆಲ ಇನ್ನೊಮ್ಮೆ ನಡುಗಿತು. ಈ ಸಲ ಕಿಟಕಿಯ ಗಾಜೂ ಅದುರಿತು. ಗುರುಪಾದಪ್ಪ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣುಮುಚ್ಚಿ ಏನನ್ನೋ ಜಪಿಸುತ್ತಿದ್ದ. ಶಶಿಕಲಾ ಅತ್ತೆಯನ್ನಾದರೂ ಹೊರಗೆ ತರೋಣವೆಂದು ಬಯಲು ದಾಟಿ ಓಡಿದಳು.

ನೀಲಮ್ಮ ಹೊಸ್ತಿಲ ಮೇಲೆ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಹೊರಗೆ. ಪಕ್ಕದ ಮನೆಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ದೀಪ ನೋಡುತ್ತ, ಮುಖ ಮುಖ ನೋಡುತ್ತ ಇದ್ದರು. ಯಾರೂ ಅಂಗಳಕ್ಕಿಳಿದಿರಲಿಲ್ಲ. ಹಸಿರಿದ್ದಾಗ ಹೊರಗೋಡುವವರನ್ನು ಆ ಊರಿನಲ್ಲಿ ಪುಕ್ಕಲರೆಂದು ನಗುತ್ತಾರೆ.

"ಅತ್ತಿ, ಹೊರಗ ಬರ‍್ರಿ. ಬಯಲಿಗೆ ಹೋಗೂನು."

"ನಾ ಒಂದು ಮಾತು ಹೇಳ್ತೀನಿ ಕೇಳು, ಆ..."

"ಆಮ್ಯಾಲ ಹೇಳಿರಂತ, ತಾಳ್ರಿ. ಚಪ್ಪಲಿ ಎಲ್ಲಿ?"

"ಅಲ್ಲವ್ವ, ಆ ಗುರು..."

"ತಾಳ್ರಿ ಅತ್ತಿ!"

ನೀಲಮ್ಮ ಬಾಯಿ ಮುಚ್ಚಿದಳು. ಬಯಲಿನ ಬೇವಿನ ಮರದ ಹತ್ತಿರ ಬರುವವರೆಗೂ ಒಂದು ಮಾತಾಡಲಿಲ್ಲ. ಅಲ್ಲಿ ಕುಳ್ಳಿರಿಸಿದ ಮೇಲೆ ಶಶಿಕಲಾ ಏದುಸಿರು ಬಿಡುತ್ತ ಕೇಳಿದಳು. "ಏನೋ ಹೇಳ್ತಿದ್ರಲ್ಲ, ಯಾಕ ಸುಮ್ಮನಾದ್ರಿ?"

"ನೀ ತಾಳು ಅಂದಿ, ತಾಳೀನಿ. ಹೇಳು ಅಂದ್ರ ಹೇಳ್ತೀನಿ. ನನಗೇನು ಬಾಯಿ ಬಿದ್ದು ಹೋಗೇದೇನು?"

ಶಶಿಕಲಾ ನಿಂತಲ್ಲೇ ನಿಂತಳು. ಬೆಳಗಿನಿಂದ ಅವಳು ಬೀರುವಿನ ಒಳಗೆ ರೋಗ ಹುಡುಕುತ್ತಿದ್ದಳು. ಮುದುಕನಿಗೆ ರೋಗವೇ ಇಲ್ಲದಿದ್ದರೆ? ಅದಕ್ಕೆ ಯಾರೋ 'ತಾಳು' ಎಂದಿದ್ದರೆ? ಆ ಕಾಲದ ಯಂತ್ರಗಳು ಮರ್ಯಾದಸ್ಥ ಯಂತ್ರಗಳು. ಪರದೆಯ ಮೇಲೆ ಸಾಲುಗಳು ಓಡುತ್ತಿರುವಾಗ ಓದುವವರಿಗೆ ಪುರಸೊತ್ತು ಬೇಕೆಂದರೆ ಪರದೆಯಿಂದಲೇ 'ತಾಳು' ಎಂಬ ಸನ್ನೆ ಕಳಿಸಬಹುದಿತ್ತು. 'ಹೇಳು' ಅನ್ನುವವರೆಗೂ ಯಂತ್ರ ಬರೆಯುತ್ತಿರಲಿಲ್ಲ. ಕಾಲೇಜಿನಲ್ಲಿ ಯಾವಾಗಲೋ ಓದಿ ಮರೆತ ಸಂಗತಿ ಅದು. ಮುದುಕನ ಕಾರ್ಯಕ್ರಮ ಮೊದಲು ಬಾಕಿ ಸಾಲುಗಳನ್ನೆಲ್ಲ ಪರದೆಗೆ ಬರೆದು, ಆಮೇಲೆ ಕೊನೆಯ ಅಳತೆ ನೋಡಿ ದೀಪಗಳಿಗೆ ಬಣ್ಣ ಕಳಿಸುವುದಾದರೆ, ಆ ಸಾಲುಗಳು ಮುಗಿಯದೆ ದೀಪದ ಸರದಿ ಬರುವುದೇ ಇಲ್ಲ. ಒಳಗೆ ಬಂದವರ ಹೆಸರನ್ನೂ ಅದೇ ಪರದೆಯ ಮೇಲೆ ಬರೆಯಬೇಕಿದ್ದರೆ ಯಾರನ್ನೂ ಒಳಗೆ ಬಿಡುವುದೂ ಇಲ್ಲ.

ಅತ್ತೆ ಏನು ಹೇಳಬೇಕೆಂದಿದ್ದಳೋ ಅದನ್ನು ಕೇಳದೆಯೇ ಅವಳು ಬಂದ ದಾರಿಯಲ್ಲಿ ಓಡಿದಳು.

ಜಾಗೀರದಾರರು ವಾಪಸಾಗಿದ್ದರು. "ಬೆಂಗಳೂರಿನವರು ಬಂದ್ ಮಾಡ್ರಿ ಅಂದಾರ. ಬೀಗದ ಕೈ ಕೊಡ್ರಿ," ಎಂದು ಕೈ ಚಾಚಿದರು. ಅವಳು ಅವರನ್ನು ಬದಿಗೆ ಸರಿಸಿ ಕೀಬೋರ್ಡಿನ ಮೇಲೆ ಬಾಗಿದಳು. ಮೇಲಿನ ಸಾಲಿನ ಮೊದಲ ಗುಂಡಿಯ ಮೇಲೆ 'ಹೋಲ್ಡ್', ಅಂದರೆ 'ತಾಳು', ಎಂಬ ಸವೆದ ಅಕ್ಷರಗಳಿದ್ದವು. ಅಂಥ ಗುಂಡಿಗೆ ತಾನು ಒತ್ತಲ್ಪಟ್ಟಿದ್ದೇನೆಂದು ತೋರಿಸುವ ಪುಟ್ಟ ದೀಪ ಇರಲೇಬೇಕು. ಇರಬೇಕಾದ ಜಾಗದಲ್ಲಿ ಕರಿ ಟೇಪಿನ ತುಣುಕಿತ್ತು. ಉಳಿದ ಟೇಪುಗಳು ಹಳತಾಗಿ ಧೂಳು ಹಿಡಿದಿದ್ದವು. ಇದು ಹೊಸದು.

ಉಗುರಿನಿಂದ ಕಿತ್ತಳು. ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಬೆಳಕು ಉರಿಯುತ್ತಿತ್ತು.

"ಟೇಪು ತಾನಾಗಿ ಬಂದು ಅಂಟಂಗಿಲ್ಲ," ಎಂದಳು ವಂಶಿಯನ್ನೇ ನೋಡುತ್ತ, ಮತ್ತು ಗುಂಡಿ ಒತ್ತಿದಳು.

ಅರ್ಧಕ್ಕೆ ನಿಂತಿದ್ದ ಸಾಲು ಪೂರ್ತಿಯಾಯಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು, ಕಣ್ಣಿಗೆ ನಿಲುಕದ ವೇಗದಲ್ಲಿ ಸಾಲುಗಳು ಸುರಿಯತೊಡಗಿದವು. ಸಂಜೆಯ ಸದ್ದು, ರಾತ್ರಿಯ ಸದ್ದು, ನಸುಕಿನ ಸದ್ದು. ಮುದುಕ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಂದನ್ನೂ ಮರೆತಿರಲಿಲ್ಲ. ಅಳತೆಗಳು ಏರುತ್ತಲೇ ಹೋದವು. ಇವತ್ತಿನ ಬೆಳಗಿಗೆ ಬಂದು ಮುಟ್ಟಿದಾಗ ಪರದೆ ಒಂದು ಕ್ಷಣ ತಡೆಯಿತು. ಬಾಗಿಲ ಮೇಲಿನ ದೀಪ ಹಸಿರಿನಿಂದ ಹಳದಿಯ ಮೇಲೆ ನಿಲ್ಲದೆ ಸೀದಾ ಕೆಂಪಿಗೆ ಹಾರಿತು. ಹೊರಗೆ ಸೈರನ್ನು ಕೂಗಿಕೊಂಡಿತು.

ಮೊದಲು ಎದ್ದವನು ಗುರುಪಾದಪ್ಪ. ಗಣಿಯ ಫೋನು ಹಿಡಿದು ಒಂದೊಂದೇ ಮಟ್ಟವನ್ನು ಕರೆದ. "ಓಡಬ್ಯಾಡ್ರಿ, ಸಾಲು ಹಿಡೀರಿ. ಹಿರೇರು ಮೊದಲ. ಕೇಜಿನ ಬಾಗಿಲದಾಗ ಒಬ್ಬಾಂವ ನಿಂತು ಎಣಸ್ರಿ. ನೂಕಬ್ಯಾಡ್ರಿ ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ನೂಕಬ್ಯಾಡ್ರಿ." ಅದನ್ನೇ ಪ್ರತಿ ಮಟ್ಟಕ್ಕೂ ಹೇಳಿದ. ಪಂಪಿನ ಕೋಣೆಯವರು ಫೋನೆತ್ತದಿದ್ದಾಗ ಎತ್ತುವವರೆಗೂ ಬಿಡಲಿಲ್ಲ. ಜಾಗೀರದಾರರು ಕೇಜಿನ ಬಾಯಿಗೆ ಓಡಿದರು. ವಂಶಿ ಮನೆಮನೆಯ ಬಾಗಿಲು ಬಡಿಯುತ್ತ ಹೋದ, ನಡೆಯಲಾರದ ಅಜ್ಜನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದ.

ಬಯಲು ತುಂಬಿತು. ಕೇಜು ಹತ್ತಿ ಇಳಿದು ಗುಂಪು ಗುಂಪಾಗಿ ಜನರನ್ನು ತಂದಿತು. ಶರಣಪ್ಪ ಕೊನೆಯ ಗುಂಪಿನಲ್ಲಿ ಬಂದ. ಮೈ ತುಂಬ ಕಲ್ಲಿನ ಪುಡಿ, ಕಣ್ಣು ಮಾತ್ರ ಕಾಣುತ್ತಿದ್ದವು. ಅವನು ಬೇವಿನ ಮರದ ಬುಡಕ್ಕೆ ಬಂದು ತಾಯಿಯ ಪಕ್ಕ ಕುಳಿತು ನೀರು ಕೇಳಿದ. ಲೋಟ ತುಟಿಗೆ ತಾಗುವ ಮುನ್ನ ಬಂಡೆ ಸಿಡಿಯಿತು.

ಸದ್ದಿಗಿಂತ ಮೊದಲು ನೆಲವೇ ಎದ್ದು ಬಡಿದಂತಾಯಿತು. ಕುಳಿತವರು ಉರುಳಿದರು. ಮನೆಗಳ ಸಾಲಿನಲ್ಲಿ ಧೂಳೆದ್ದಿತು, ಹಂಚುಗಳು ಜಾರಿದವು, ಎರಡು ಮೂರು ಗೋಡೆಗಳು ಬಾಯಿ ಬಿಟ್ಟವು. ಗಣಿಯ ಬಾಯಿಂದ ಬಿಸಿ ಗಾಳಿ ನುಗ್ಗಿ ಬಂತು. ಆಮೇಲೆ ಬಹಳ ಹೊತ್ತು ಮಕ್ಕಳ ಅಳುವಿನ ಹೊರತು ಏನೂ ಕೇಳಿಸಲಿಲ್ಲ. ಮೇಲ್ವಿಚಾರಕರು ಮೂರು ಸಲ ಎಣಿಸಿದರು. ಎಲ್ಲರೂ ಇದ್ದರು. ಆಳದ ಮಟ್ಟ ಮಾತ್ರ ಇರಲಿಲ್ಲ. ಕೆಳಗಿನ ಫೋನು ಸತ್ತುಹೋಗಿತ್ತು.

ಶಶಿಕಲಾ ಗಂಡನ ತೋಳು ಹಿಡಿದು ಕುಳಿತಿದ್ದಳು. ವಂಶಿ ಎದುರಿಗೆ ಹಾದುಹೋಗುವಾಗ ಅವಳ ಎದೆಯೊಳಗೆ ಮತ್ತೆ ಸಿಟ್ಟು ಕುದಿಯಿತು. "ಇಷ್ಟು ಜನರ ಜೀವದ ಮ್ಯಾಲ ಟೇಪು ಹಚ್ಚಿದ್ರಲ್ಲ," ಎಂದಳು ಗಟ್ಟಿಯಾಗಿ. ನಾಲ್ಕಾರು ಜನ ತಿರುಗಿ ನೋಡಿದರು. ಗಣಿಯ ಆಳೊಬ್ಬ ಎದ್ದು ವಂಶಿಯ ಅಂಗಿಯ ಕೊರಳಪಟ್ಟಿ ಹಿಡಿದ.

"ಬಿಡೋ ಅವನ್ನ." ಗುರುಪಾದಪ್ಪ ಜನರ ನಡುವಿನಿಂದ ಬಂದ. "ಅವನಲ್ಲ. ನಾನು."

ಅವನನ್ನು ಯಾರೂ ನಂಬಲಿಲ್ಲ. ಶಶಿಕಲಾಳಂತೂ ಅವನು ಆ ಹುಡುಗನನ್ನು ಕಾಪಾಡಲು ಹೇಳುತ್ತಿದ್ದಾನೆ ಅಂದುಕೊಂಡಳು.

"ನಾನೇ, ತಂಗಿ. ಯುಗಾದಿಯಿಂದ ಮಾಡಾಕತ್ತೀನಿ. ಹಳದಿ ಬರೋ ಲಕ್ಷಣ ಕಂಡ ಕೂಡಲೇ ಆ ಬಟನ್ ಒತ್ತತಿದ್ದೆ. ನಡುಕ ಎಲ್ಲಾ ನಿಂತಮ್ಯಾಲ ಬಿಡ್ತಿದ್ದೆ. ಅಷ್ಟೊತ್ತಿಗೆ ಕಲ್ಲು ತಣ್ಣಗಾಗಿರ‍್ತಿತ್ತು, ದೀಪ ಹಸಿರೇ ಉಳೀತಿತ್ತು. ಪ್ರತಿ ಸರ‍್ತಿ ಹಂಗೇ ಆಗೇದ. ಒಮ್ಮೆಯೂ ತಪ್ಪಿಲ್ಲ. ಈ ಸರ‍್ತಿ ನಿಲ್ಲಲೇ ಇಲ್ಲ. ಬೆಳಿಗ್ಗೆ ನೀ ಬಂದಿ. ನಿನ್ನ ಮುಂದ ಒತ್ತಾಕ ಕೈ ಬರಲಿಲ್ಲ."

"ಯಾಕಣ್ಣ?" ಎಂದಳು ಶಶಿಕಲಾ.

"ನನ್ನ ತಮ್ಮ ಮರಿಸ್ವಾಮಿ ಹೋದ ವರ್ಷ ಕೇಜಿನ ಮುಂದ ತುಳಿದಾಟಕ್ಕ ಸಿಕ್ಕು ಸತ್ತ. ಅವತ್ತಿನ ಹಳದಿ ಹುಸಿ ಹಳದಿ. ಒಂದು ಹರಳೂ ಬೀಳಲಿಲ್ಲ. ಕಲ್ಲು ಕೊಂದಿದ್ರ ಕಲ್ಲಿಗೆ ಬೈತಿದ್ದೆ. ನನ್ನ ತಮ್ಮನ್ನ ದೀಪ ಕೊಂತು." ಅವನು ನೆಲದ ಮೇಲೆ ಕುಳಿತುಬಿಟ್ಟ. "ಸುಳ್ಳು ಹೇಳೋ ಬಾಯಿ ಮುಚ್ಚಸೀನಿ ಅನಕೊಂಡಿದ್ದೆ. ಇವತ್ತು ಖರೇ ಹೇಳಾಕತ್ತಿತ್ತು."

ಶರಣಪ್ಪ ಎದ್ದು ನಿಂತ. ಅವನ ಮುಷ್ಟಿ ಬಿಗಿದಿತ್ತು. ಆದರೆ ಅವನು ಗುರುಪಾದಪ್ಪನ ತನಕ ಹೋಗಿ ಅಲ್ಲೇ ನಿಂತ. ತುಳಿದಾಟದಲ್ಲಿ ಮರಿಸ್ವಾಮಿಯ ಹಿಂದೆಯೇ ಇದ್ದವನು ಅವನು. ಹಾಗೆಯೇ ತಿರುಗಿ ಬಂದು ಕುಳಿತ. ನೀಲಮ್ಮ ಮಾತ್ರ ಮೆಲ್ಲಗೆ ಅಂದಳು. "ಇದನ್ನ ಹೇಳಾಕ ಬಂದಿದ್ದೆ. ಗುರುಪಾದನ ಹೇಣ್ತಿ ನಿನ್ನಿ ಗುಡಿಯಾಗ ಅಳಾಕತ್ತಿದ್ಲು, ಗಂಡ ಮುದುಕನ ಜೋಡಿ ಏನೋ ಆಟ ಆಡಾಕತ್ತಾನ ಅಂತ."

ಜಾಗೀರದಾರರು ಶಶಿಕಲಾಳನ್ನು ಗುಂಪಿನಿಂದ ಆಚೆ ಕರೆದರು. "ನೋಡ್ರಿ, ಎಲ್ಲಾರೂ ಉಳದಾರ. ಹಳೇ ಯಂತ್ರ ಕೈ ಕೊಟ್ಟಿತು ಅಂದ್ರ ಮುಗೀತು. ಗುರುಪಾದ ಜೈಲಿಗೆ ಹೋಗಂಗಿಲ್ಲ, ಹೊಸ ಯಂತ್ರ ಲಗೂನ ಬರ‍್ತದ. ಯಾರಿಗೂ ನಷ್ಟ ಇಲ್ಲ."

ಒಂದು ಕ್ಷಣ ಅದು ಸರಿಯೆಂದೇ ಅವಳಿಗೆ ಅನ್ನಿಸಿತು. ಈ ಅಣ್ಣನ ಕೈಯಲ್ಲಿ ಎಷ್ಟು ಸಲ ಚಹಾ ಕುಡಿದಿಲ್ಲ? ತಾನು ಅನುಮಾನಪಟ್ಟದ್ದು ತನಗೆ ಹಿಡಿಸದವರನ್ನು ಮಾತ್ರ ಎಂಬುದೂ ಅವಳಿಗೆ ಆಗ ಹೊಳೆದು ನಾಚಿಕೆಯಾಯಿತು. ಆದರೆ ಮುದುಕನನ್ನು ಕಿತ್ತೆಸೆದರೆ ನಾಳೆ ಈ ಗಣಿಗೆ ಕಿವಿ ಯಾವುದು? ಹೊಸದಕ್ಕೆ ಇನ್ನೂ ಸ್ವಂತ ಕಿವಿಯೇ ಇಲ್ಲ.

"ಯಂತ್ರ ಕೆಟ್ಟಿರಲಿಲ್ಲ ಸರ. ಕೆಟ್ಟಿತ್ತು ಅಂತ ನಾ ಹೇಳಂಗಿಲ್ಲ. ಉಳಿದದ್ದು ಅಣ್ಣಾರು ಹೇಳ್ಯಾರ, ಎಲ್ಲಾರೂ ಕೇಳ್ಯಾರ." ಆಮೇಲೆ ಅವಳು ವಂಶಿಯನ್ನು ಹುಡುಕಿಕೊಂಡು ಹೋದಳು. ಅವನು ಹರಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ತಪ್ಪಾತ್ರಿ," ಎಂದಳು. ಅವನು ತಲೆಯಾಡಿಸಿದ, ಮುಖ ನೋಡಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಬಯಲಿನ ಕಂಬದ ದೀಪ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬಂತು. ಯಾರೂ ಏಳಲಿಲ್ಲ. ಹೆಂಗಸರು ಮಕ್ಕಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಶಶಿಕಲಾ ನಿಯಂತ್ರಣ ಕೋಣೆಗೆ ಹೋಗಿ, ಪರದೆಯ ಸಾಲುಗಳನ್ನು ನಿಂತು ನೋಡಿ, ಹೊರಗೆ ಬಂದು ಹೇಳಿದಳು. "ಖರೇ ಹಸಿರದ. ಗ್ವಾಡಿ ಒಡೆಯದ ಮನಿಯವರು ಒಳಗ ಹೋಗಬಹುದು."

ಯಾರೂ ಮಿಸುಕಲಿಲ್ಲ. ಪಕ್ಕದ ಮನೆಯ ಬಾಣಂತಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದಳು. "ನೀವೇನೂ ಒತ್ತಿಲ್ಲ, ಹೌದಿಲ್ಲೋ?"

ಶಶಿಕಲಾಗೆ ಕೆನ್ನೆಗೆ ಹೊಡೆದಂತಾಯಿತು. ತಾನು ಬೆಳಗಿನಿಂದ ಎಲ್ಲರನ್ನೂ ನೋಡಿದ್ದು ಇದೇ ಕಣ್ಣಿನಿಂದ. ಅವಳು ನಿಯಂತ್ರಣ ಕೋಣೆಯ ಬಾಗಿಲನ್ನು ಹಾರು ಹೊಡೆದಳು. "ಬರ‍್ರಿ," ಎಂದಳು. "ಒಳಗ ಬಂದು ನೀವೇ ನೋಡ್ರಿ."

ಮೊದಲು ಬಾಣಂತಿ ಬಂದಳು, ಹಿಂದೆ ನೀಲಮ್ಮ, ಅವರ ಹಿಂದೆ ಅಂಜುತ್ತ ಅಳುಕುತ್ತ ಒಂದು ಸಾಲೇ ಬಂತು. ಎಷ್ಟೋ ವರ್ಷ ಆ ದೀಪದ ಕೆಳಗೆ ಮಲಗಿ ಎದ್ದವರಲ್ಲಿ ಒಬ್ಬರೂ ಆ ಕೋಣೆಯ ಒಳಗನ್ನು ನೋಡಿರಲಿಲ್ಲ. ಕೀಬೋರ್ಡಿನ ಮೇಲಿನ ಪುಟ್ಟ ದೀಪ ಆರಿದೆಯೆಂದು ಒಬ್ಬೊಬ್ಬರೂ ಬಗ್ಗಿ, ಬೆರಳಿನಿಂದ ಮುಟ್ಟಿ ನೋಡಿದರು. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ, ನಿಧಾನವಾಗಿ ಮೇಲೇರುತ್ತಿದ್ದವು.

"ನನಗ ಓದಾಕ ಬರಂಗಿಲ್ಲ," ಎಂದಳು ನೀಲಮ್ಮ. "ಇದು ಏನನ್ನಾಕತ್ತೇದ, ನೀ ಹೇಳು. ಎಲ್ಲಾರಿಗೂ ಕೇಳಸಂಗ ಹೇಳು."

ಶಶಿಕಲಾ ಕುರ್ಚಿ ಎಳೆದುಕೊಂಡು ಕುಳಿತಳು. ಬಾಗಿಲ ಹೊರಗೆ ನಿಂತವರಿಗೂ ಮುಟ್ಟುವಂತೆ ದನಿ ಎತ್ತರಿಸಿ, ಬಂಡೆ ಹೇಳುತ್ತಿದ್ದದ್ದನ್ನು ಓದತೊಡಗಿದಳು.